ಮೂಗಿಗೆ ಹಿಡಿಸಿದ ಮನೆ

"ಇಲ್ಲಿ ಏನೋ ಸತ್ತಿದೆ," ಎಂದಳು ಅಕ್ಕ.

ದಲ್ಲಾಳಿ ಆಗತಾನೆ ಮಲಗುವ ಕೋಣೆಯ ಕಿಟಕಿ ತೆರೆದು, ಅಗೋ ಅಲ್ಲಿ ಕಾಣುವುದೇ ಸಾಬೂನು ಕಾರ್ಖಾನೆಯ ಚಿಮಣಿ, ನೀವು ಮನೆಗೆ ಬೀಗ ಹಾಕಿ ಹೊರಟರೆ ಬೀಗದ ಕೈ ಚೀಲಕ್ಕೆ ಸೇರುವಷ್ಟರಲ್ಲಿ ಕೆಲಸಕ್ಕೆ ಮುಟ್ಟಿರುತ್ತೀರಿ ಎಂದು ಬಣ್ಣ ಕಟ್ಟಿ ಹೇಳುತ್ತಿದ್ದ. ಅವನ ಮಾತು ಅಲ್ಲಿಗೇ ನಿಂತಿತು. ಗೋಡೆಯ ಕಪಾಟುಗಳನ್ನೆಲ್ಲ ತೆರೆದು ನೋಡಿದ. ಅಡುಗೆ ಕಟ್ಟೆಯ ಕೆಳಗೆ ಮೊಣಕಾಲೂರಿ ಇಣುಕಿದ. ಬಚ್ಚಲಿನ ಜಾಲರಿಯನ್ನೂ ಎತ್ತಿದ. ಇಲಿಯಿಲ್ಲ, ಹಲ್ಲಿಯಿಲ್ಲ, ಒಂದು ಒಣಗಿದ ಜಿರಲೆ ಕೂಡ ಇಲ್ಲ. ಬಣ್ಣ ಬಳಿದು ವಾರವೂ ಆಗದ ಮನೆ. ಕೊನೆಗೆ ಅವನು ಅನುಮಾನದಿಂದ ತನ್ನ ಬೂಟಿನ ಅಡಿಯನ್ನೇ ತಿರುಗಿಸಿ ನೋಡಿಕೊಂಡ.

"ಗೋಡೆ ಒಳಗಿರ್ಬೇಕು," ಎಂದು ಅಕ್ಕ ಕರವಸ್ತ್ರವನ್ನು ಮೂಗಿಗೊತ್ತಿಕೊಂಡು ಮೆಟ್ಟಿಲಿಳಿದಳು. ದಲ್ಲಾಳಿಯ ಮುಖ ನೋಡಲಾಗದೆ ತಂಗಿಯೂ ಹಿಂದೆಯೇ ಇಳಿದಳು. ಅವಳೂ ಒಮ್ಮೆ ಉಸಿರೆಳೆದು ನೋಡಿದ್ದಳು. ಹೊಸ ಬಣ್ಣದ ವಾಸನೆ ಬಿಟ್ಟರೆ ಅವಳಿಗೆ ಮತ್ತೇನೂ ಬಂದಿರಲಿಲ್ಲ. ಆದರೆ ಅಕ್ಕನ ಮೂಗಿನ ಎದುರು ತನ್ನ ಮೂಗಿನ ಮಾತೆತ್ತುವುದು ಅವಳಿಗೆ ಚಿಕ್ಕಂದಿನಿಂದಲೂ ಅಭ್ಯಾಸವಿಲ್ಲ.

ಅಕ್ಕನ ಮೂಗು ಅಂಥದ್ದು. ಅರವತ್ತರ ಹೊಸ್ತಿಲಲ್ಲಿರುವ ಅವಳಿಗೆ ಸಾಬೂನು ಕಾರ್ಖಾನೆಯಲ್ಲಿ ಇರುವ ಕೆಲಸವೇ ಮೂಸುವುದು. ದೊಡ್ಡ ಕಡಾಯಿಯಿಂದ ಇಳಿದ ಪ್ರತಿಯೊಂದು ಪಾಕದ ಮೊದಲ ಗಟ್ಟಿಯನ್ನು ತಂತಿಯಿಂದ ಕೊಯ್ದು ಅವಳ ಮುಂದೆ ಇಡುತ್ತಾರೆ. ಅವಳು ಕಣ್ಣು ಮುಚ್ಚಿ, ಕೊಯ್ದ ಮೈಯನ್ನು ಮೂಗಿನ ಬಳಿ ಹಿಡಿದು, ಸಣ್ಣ ಸಣ್ಣದಾಗಿ ಉಸಿರೆಳೆಯುತ್ತಾಳೆ. ಆಮೇಲೆ "ಸರಿ" ಅಥವಾ "ಬೇಡ." ಸರಿ ಎಂದದ್ದು ಅಂಗಡಿಗೆ ಹೋಗುತ್ತದೆ, ಬೇಡ ಎಂದದ್ದು ಕಡಾಯಿಗೆ ವಾಪಸು. ಕಾರಣ ಕೇಳುವ ಧೈರ್ಯ ಯಾರಿಗೂ ಇರಲಿಲ್ಲ, ಏಕೆಂದರೆ ಅವಳು ಬೇಡ ಎಂದದ್ದನ್ನು ಹಟಕ್ಕೆ ಮಾರಿದ ಒಂದು ಸಲ ಅಂಗಡಿಗಳಿಂದ ಪೆಟ್ಟಿಗೆ ಪೆಟ್ಟಿಗೆಯೇ ಹಿಂದಿರುಗಿ ಬಂದಿತ್ತು. ಅಲ್ಲಿಂದಾಚೆ ಮಾಲೀಕರು ಕೂಡ ಮೂಸುವ ಕೋಣೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಅತ್ತರು ಹಾಕಿದ ದಿನ ಹೊರಗೇ ನಿಂತು ಮಾತಾಡುತ್ತಿದ್ದರು.

ಕಣ್ಣು ಮುಚ್ಚುವುದನ್ನು ಅವಳಿಗೆ ಕಲಿಸಿದ್ದು ಅವಳಿಗಿಂತ ಮೊದಲು ಆ ಕೆಲಸದಲ್ಲಿದ್ದ ಹಳೆಯ ಪರೀಕ್ಷಕರು. ಕಣ್ಣು ಸುಳ್ಳು ಹೇಳುತ್ತದೆ, ಗುಲಾಬಿ ಬಣ್ಣ ಕಂಡ ಕೂಡಲೇ ಗುಲಾಬಿಯ ಪರಿಮಳ ಬಂತು ಅನ್ನುತ್ತದೆ, ಅದನ್ನು ಮೊದಲು ಮುಚ್ಚು ಎಂದಿದ್ದರು. ಎರಡನೆಯದು ಮೊಣಕೈ. ಒಂದರ ಮೇಲೊಂದು ಮೂಸಿ ಮೂಗು ದಣಿದಾಗ ಮೊಣಕೈಯ ಒಳಮಡಿಕೆಯಲ್ಲಿ ಮೂಗಿಟ್ಟು ತನ್ನ ಮೈಯನ್ನೇ ಮೂಸಿಕೊಳ್ಳಬೇಕು. ಅದು ಸದಾ ಒಂದೇ ಥರ ಇರುವ ವಾಸನೆ. ಮೂಗು ಅಲ್ಲಿಗೆ ಹೋಗಿ ಸುಧಾರಿಸಿಕೊಂಡು ಬರುತ್ತದೆ.

ಮನೆ ಹುಡುಕುವ ಈ ಫಜೀತಿ ಶುರುವಾದದ್ದು ಬಸ್ಸಿನಿಂದ. ಅಕ್ಕ ಮದುವೆಯಾದವಳಲ್ಲ, ತಂಗಿ ಮತ್ತು ತಂಗಿಯ ಗಂಡನ ಜೊತೆ ಊರಿನ ಆ ತುದಿಯಲ್ಲಿದ್ದಳು. ಕಾರ್ಖಾನೆ ಈ ತುದಿ. ಎರಡು ಬಸ್ಸು ಬದಲಿಸಿ ಬರಬೇಕು. ಡೀಸೆಲ್ ಹೊಗೆ, ಕಂಕುಳ ಬೆವರು, ಪಕ್ಕದವರ ಕೆಮ್ಮು, ಹಿಂದಿನ ಸೀಟಿನವರು ಸುಲಿಯುವ ಕಿತ್ತಳೆ. ಕಾರ್ಖಾನೆ ಹತ್ತಿರವಾದಾಗ ಊರಿನ ಕೊಚ್ಚೆಯನ್ನೆಲ್ಲ ಹೊತ್ತು ಹರಿಯುವ ದೊಡ್ಡ ಮೋರಿಯ ಸೇತುವೆ ಬರುತ್ತದೆ. ಅಲ್ಲಿ ಇಡೀ ಬಸ್ಸು ಒಟ್ಟಿಗೆ ಮೂಗು ಮುಚ್ಚಿಕೊಳ್ಳುತ್ತದೆ, ಕಂಡಕ್ಟರ್ ಚಿಲ್ಲರೆ ಕೊಡುವುದನ್ನು ನಿಲ್ಲಿಸುತ್ತಾನೆ. ಅಕ್ಕ ಮಾತ್ರ ಮೂಗು ಮುಚ್ಚುವವಳಲ್ಲ. ತಿರುವು ಬಂದ ಕೂಡಲೇ ಉಸಿರು ಬಿಗಿ ಹಿಡಿದು, ಸೇತುವೆ ದಾಟಿದ ಮೇಲೆಯೇ ಬಿಡುತ್ತಾಳೆ. ಅನ್ನ ಕೊಡುವ ಮೂಗಿನೊಳಕ್ಕೆ ಆ ನಾತವನ್ನು ಒಂದು ಎಳೆಯೂ ಬಿಟ್ಟುಕೊಳ್ಳಬಾರದು ಎಂಬುದು ಅವಳ ನೇಮ. ವಯಸ್ಸಿದ್ದಾಗ ಕಾರ್ಖಾನೆ ಸೇರಿ ಸ್ವಲ್ಪ ಹೊತ್ತು ಸುಮ್ಮನೆ ಕೂತರೆ ಮೂಗು ತಿಳಿಯಾಗುತ್ತಿತ್ತು. ಈಗ ಮಧ್ಯಾಹ್ನವಾದರೂ ಆಗುವುದಿಲ್ಲ.

ಅದರ ಮೇಲೆ ಜ್ವರ. ಚಳಿಗಾಲದಲ್ಲಿ ಬಂದ ಜ್ವರಕ್ಕೆ ಕೆಲವು ವಾರ ಅವಳ ಮೂಗು ಪೂರ್ತಿ ಕಟ್ಟಿಹೋಗಿತ್ತು. ಆಮೇಲೆ ಒಂದು ಬೆಳಿಗ್ಗೆ ವಾಸನೆ ಮರಳಿ ಬಂತು, ಬಂದದ್ದು ಎಲ್ಲವನ್ನೂ ಬಗೆದು ತೋರಿಸುವಂತೆ ಬಂತು. ಹಾಲಿನಲ್ಲಿ ಕಮಟು, ಬ್ರೆಡ್ಡಿನಲ್ಲಿ ಮುಗ್ಗಲು, ಬಾಣಲೆಯ ಈರುಳ್ಳಿಯಲ್ಲಿ ಹೆಣದ ನಾತ. ಬೇರೆಯವರಾಗಿದ್ದರೆ ಮೂಗಿಗೆ ಏನೋ ಆಗಿದೆ ಅಂದುಕೊಳ್ಳುತ್ತಿದ್ದರು. ಅಕ್ಕ ಹಾಗಂದುಕೊಳ್ಳಲಿಲ್ಲ. ಇಷ್ಟು ವರ್ಷ ಮೂಗನ್ನೇ ನಂಬಿ ಬದುಕಿದವಳಿಗೆ ಮೂಗು ಕೆಡಬಹುದು ಎಂಬ ಯೋಚನೆಗಿಂತ ಲೋಕವೇ ಕೆಟ್ಟಿದೆ ಎಂಬ ಯೋಚನೆ ಹತ್ತಿರದ್ದಾಗಿತ್ತು. ಜ್ವರ ಬಿಟ್ಟ ಮೇಲೆ ತನ್ನ ಮೂಗು ಇನ್ನೂ ಚುರುಕಾಗಿದೆ, ಎಲ್ಲರೂ ಮುಚ್ಚಿಟ್ಟು ನಡೆಸುತ್ತಿರುವ ಕೊಳಕು ಈಗ ತನಗೆ ನೇರವಾಗಿ ಬರುತ್ತಿದೆ ಎಂದು ಅವಳು ಖಂಡಿತವಾಗಿ ನಂಬಿದ್ದಳು.

ಕಳೆದ ತಿಂಗಳು ಅವಳು ಸಾಲಾಗಿ ಮೂರು ಪಾಕಗಳಿಗೆ "ಬೇಡ" ಎಂದಳು. ಕೊಬ್ಬು ಹಳಸಿದೆ, ಇದನ್ನು ನಾಯಿಯ ಮೈಗೂ ಹಚ್ಚಬೇಡಿ ಎಂದಳು. ಮೂರನ್ನೂ ಕರಗಿಸಿದರು. ಕೊಬ್ಬು ಕಳಿಸುತ್ತಿದ್ದವನನ್ನು ಬಿಡಿಸಿದರು. ಮ್ಯಾನೇಜರ್ ಬಾಗಿಲಲ್ಲೇ ನಿಂತು ಬಹಳ ಮರ್ಯಾದೆಯಿಂದ, ಮೇಡಂ ನೀವು ಬಸ್ಸಿನ ಹೊಗೆ ಕುಡಿದು ಬರ್ತೀರಿ, ಹತ್ತಿರದಲ್ಲೇ ಎಲ್ಲಾದರೂ ಒಳ್ಳೆ ಗಾಳಿಯ ಜಾಗ ನೋಡಿ ಮನೆ ಮಾಡಿ, ಬಾಡಿಗೆ ನಾವು ನೋಡಿಕೊಳ್ತೀವಿ ಎಂದ. ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಸೋಮವಾರ ಹೊಸ ಪಾಕ ಇಳಿಯುತ್ತದೆ, ಅದೂ ಬೇಡ ಅಂತಾದರೆ ಹೊರಗಿನಿಂದ ಇನ್ನೊಬ್ಬ ಪರೀಕ್ಷಕರನ್ನು ಕರೆಸಬೇಕು ಅಂತಿದ್ದಾರೆ ಮಾಲೀಕರು, ಎಂದೂ ಸೇರಿಸಿದ. ಆ ಇನ್ನೊಂದು ಮೂಗು ತನ್ನ ಕುರ್ಚಿಯಲ್ಲಿ ಕೂರುವುದನ್ನು ನೆನೆದು ಅಕ್ಕನಿಗೆ ಊಟ ಸೇರಲಿಲ್ಲ. ಹೇಗೂ ಸೇರುತ್ತಿರಲಿಲ್ಲ.

ಹಾಗಾಗಿ ಈ ಶನಿವಾರ. ದಲ್ಲಾಳಿ ತೋರಿಸಿದ ಎರಡನೆಯ ಜಾಗ ಹೊಸ ಬಡಾವಣೆ. ಬೀದಿಯುದ್ದಕ್ಕೂ ಒಂದೇ ಅಳತೆಯ ಗಿಡಗಳು, ಗೇಟಿಗೊಬ್ಬ ಕಾವಲುಗಾರ, ಕಸದ ಬುಟ್ಟಿಗೂ ಮುಚ್ಚಳ. ಇಲ್ಲಿ ಎಲ್ಲರೂ ಮರ್ಯಾದಸ್ಥರು, ಯಾರೂ ಯಾರ ತಂಟೆಗೂ ಹೋಗುವುದಿಲ್ಲ ಎಂದು ದಲ್ಲಾಳಿ ಹೇಳಿದ. ಅದನ್ನೇ ಅವನು ಎಲ್ಲ ಬಡಾವಣೆಗಳ ಬಗ್ಗೆಯೂ ಹೇಳುತ್ತಿದ್ದ. ಮನೆಯ ಯಜಮಾನಿ ಬ್ಯಾಂಕಿನಿಂದ ನಿವೃತ್ತಳಾದವಳು, ಒಬ್ಬಂಟಿ. ತನ್ನ ವಯಸ್ಸಿನವಳೇ ಕೆಳಗಿನ ಭಾಗಕ್ಕೆ ಬರುತ್ತಾಳೆಂದು ಅವಳಿಗೆ ಸಂತೋಷವಾಗಿತ್ತು. ಗೋಡೆಗೆ ಹಬ್ಬಿದ ಬಳ್ಳಿಯಿಂದ ಬಿಳಿಯ ಹೂಗಳನ್ನು ಕಿತ್ತು ಅಕ್ಕನ ಅಂಗೈಗೆ ಹಾಕಿದಳು. ಅಕ್ಕ ಅವನ್ನು ಕೆಳಗೆ ಕೊಡವಿದಳು. ಕೊಳೆತ ಮಾಂಸದ ನಾತ, ನಡುನಡುವೆ ಸುಟ್ಟ ರಬ್ಬರಿನದು. ಇಡೀ ಗೋಡೆಯ ತುಂಬ ಅದೇ ಹಬ್ಬಿತ್ತು.

ಆಮೇಲೆ ಕಾಫಿ ಬಂತು. ಅಕ್ಕ ಲೋಟವನ್ನು ಮೂಗಿನ ಬಳಿ ತಂದವಳು ಹಾಗೇ ದೂರ ತಳ್ಳಿದಳು.

"ನಿಮ್ಮ ಪಾತ್ರೆಗಳನ್ನ ಸರಿಯಾಗಿ ತೊಳೆಸಿ," ಎಂದಳು. "ಇದು ಕುಡಿಯೋ ವಸ್ತು ಅಲ್ಲ."

ಯಜಮಾನಿಯ ಮುಖ ಕಿವಿಯವರೆಗೂ ಕೆಂಪಾಯಿತು. ತಂಗಿ ತನ್ನ ಲೋಟವನ್ನು ಗಟಗಟ ಮುಗಿಸಿ, ಅಕ್ಕನ ಲೋಟವನ್ನೂ ಎತ್ತಿಕೊಂಡು ಕುಡಿದು, ನಾಲಿಗೆ ಸುಟ್ಟುಕೊಂಡು, ಬಹಳ ಚೆನ್ನಾಗಿದೆ, ಅಕ್ಕನಿಗೆ ಪಿತ್ತ ಜಾಸ್ತಿ, ತಪ್ಪು ತಿಳಿಯಬೇಡಿ ಎಂದು ಕೈಮುಗಿದು ಎದ್ದಳು. ಗೇಟು ದಾಟಿದ ಮೇಲೆ ದಲ್ಲಾಳಿ ತನ್ನ ಇಷ್ಟು ವರ್ಷದ ಅನುಭವದಲ್ಲಿ ಇಂಥದ್ದನ್ನು ನೋಡಿಲ್ಲ ಎಂದು ಗೊಣಗಿದ. ಅವನ ಬಾಯಿಯಿಂದ ಬರುತ್ತಿದ್ದ ನಾತಕ್ಕೆ ಅಕ್ಕ ಮುಖ ತಿರುಗಿಸಿದಳು.

ಮೂರನೆಯದು ಮುದ್ರಣಾಲಯದ ಮಹಡಿ, ನಾಲ್ಕನೆಯದು ಗ್ರಂಥಾಲಯದ ಹಿಂದಿನ ಸಾಲುಮನೆ. ಎಲ್ಲಿ ಹೋದರೂ ಅದೇ ಎರಡು ನಾತ, ಸುಟ್ಟದ್ದು ಮತ್ತು ಕೊಳೆತದ್ದು, ಒಂದರೊಳಗೊಂದು. ಎಲ್ಲದಕ್ಕೂ ಅಕ್ಕ ಹೊಸ್ತಿಲಲ್ಲೇ "ಬೇಡ" ಎಂದಳು. ಇಂಥ ಕೊಳಕಿನಲ್ಲಿ ಮನುಷ್ಯರು ನಗುನಗುತ್ತ ಬದುಕುತ್ತಾರಲ್ಲ, ಮಕ್ಕಳನ್ನು ಬೇರೆ ಹೆರುತ್ತಾರಲ್ಲ ಎಂದು ಅವಳಿಗೆ ರೇಜಿಗೆಯಾಯಿತು. ಅಭ್ಯಾಸಬಲದಿಂದ ಮೊಣಕೈ ಮಡಿಸಿ ಮೂಗಿನತ್ತ ತಂದವಳು ಅರ್ಧದಲ್ಲೇ ಕೈ ಇಳಿಸಿದಳು.

ಇದೊಂದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಆ ಮಡಿಕೆಯಲ್ಲೂ ಅದೇ ನಾತ. ದಿನಕ್ಕೆ ಎರಡು ಮೂರು ಸಲ ಸ್ನಾನ ಮಾಡುತ್ತಿದ್ದಳು, ಚರ್ಮ ಉರಿಯುವಂತೆ ಉಜ್ಜಿಕೊಳ್ಳುತ್ತಿದ್ದಳು, ಬಟ್ಟೆಯನ್ನು ಬಿಸಿನೀರಿನಲ್ಲಿ ಕುದಿಸುತ್ತಿದ್ದಳು. ಹೋಗಲಿಲ್ಲ. ವಯಸ್ಸಾದ ಮೈ ಒಳಗಿನಿಂದ ಕೊಳೆಯುತ್ತದೆ, ಇದೇ ಅದು ಎಂದು ಅವಳು ತೀರ್ಮಾನಿಸಿದ್ದಳು. ತಂಗಿ, ತಂಗಿಯ ಗಂಡ ಊಟದ ಮೇಜಿನಲ್ಲಿ ಎದುರು ಕೂತು ಏನೂ ಆಗದವರಂತೆ ಮಾತಾಡುವಾಗ ಅವರ ದೊಡ್ಡ ಮನಸ್ಸಿಗೆ ಅವಳಿಗೆ ಅಳು ಬರುತ್ತಿತ್ತು, ತನ್ನ ಮೈ ನೆನೆದು ವಾಕರಿಕೆಯೂ ಬರುತ್ತಿತ್ತು. ಬೇರೆ ಮನೆ ಮಾಡಬೇಕೆಂದು ಅವಳು ಇಷ್ಟು ಆತುರಪಟ್ಟದ್ದು ಬರೀ ಬಸ್ಸಿನ ಹೊಗೆಗಲ್ಲ. ಒಬ್ಬಳೇ ಇದ್ದರೆ ಯಾರೂ ಸಹಿಸಿಕೊಳ್ಳಬೇಕಾಗಿಲ್ಲ.

"ಇನ್ನು ನಿಂಗೆ ಅಂತ ಒಂದು ಊರೇ ಕಟ್ಟಿಸ್ಬೇಕು," ಎಂದಳು ತಂಗಿ. ಬಿಸಿಲಿನಲ್ಲಿ ಅಲೆದು ಅವಳಿಗೂ ಸಾಕಾಗಿತ್ತು.

ಅಕ್ಕ ಅವರಿಬ್ಬರನ್ನೂ ಅಲ್ಲೇ ಬಿಟ್ಟು ನಡೆದಳು. ಯಾವ ಬೀದಿ ಎಂದು ನೋಡಲಿಲ್ಲ. ಕಾರ್ಖಾನೆಗೆ ಅವಳು ಯಾವಾಗಲೂ ಮುಖ್ಯ ರಸ್ತೆಯಿಂದಲೇ ಬಂದವಳು, ಈ ಹಿಂಬದಿಯ ಗಲ್ಲಿಗಳು ಅವಳಿಗೆ ಹೊಸವು. ಒಂದು ಗ್ಯಾರೇಜು, ಮುಚ್ಚಿದ ಗೋದಾಮು, ಟಾರು ಕಿತ್ತುಹೋದ ರಸ್ತೆ. ಎರಡು ತಿರುವು ದಾಟಿದ ಮೇಲೆ ಏನೋ ಬದಲಾಯಿತು. ಮೊದಲು ಅವಳಿಗೆ ಗೊತ್ತಾಗಲಿಲ್ಲ. ಆಮೇಲೆ ತಾನು ಕರವಸ್ತ್ರ ಕೆಳಗಿಳಿಸಿದ್ದೇನೆ ಎಂಬುದು ಗಮನಕ್ಕೆ ಬಂತು.

ನಾತ ಹೋಗಿತ್ತು.

ಅವಳು ರಸ್ತೆಯ ನಡುವೆ ನಿಂತು ಮತ್ತೆ ಉಸಿರೆಳೆದಳು. ಸುಟ್ಟದ್ದಿಲ್ಲ, ಕೊಳೆತದ್ದಿಲ್ಲ. ಗಾಳಿ ತಣ್ಣಗೆ ಒಳಗೆ ಹೋಯಿತು, ಹೊರಗೆ ಬಂತು. ಜ್ವರ ಬಿಟ್ಟ ದಿನದಿಂದ ಇಂಥ ಒಂದು ಉಸಿರು ಅವಳಿಗೆ ಸಿಕ್ಕಿರಲಿಲ್ಲ. ಹೆಜ್ಜೆ ಹಾಕಿದಷ್ಟೂ ಹಗುರವಾಯಿತು. ಗಲ್ಲಿಯ ಕೊನೆಯಲ್ಲಿ ಹಂಚಿನ ಒಂದು ಸಣ್ಣ ಮನೆ, ಬಾಗಿಲಿಗೆ "ಬಾಡಿಗೆಗೆ ಇದೆ" ಎಂಬ ಹಲಗೆ. ಹಲಗೆಯ ಅಕ್ಷರಗಳು ಎಷ್ಟು ಮಾಸಿದ್ದವೆಂದರೆ ಅದನ್ನು ತೂಗುಹಾಕಿ ಬಹಳ ಕಾಲವಾಗಿರಬೇಕು. ಜಗಲಿಯ ಮೇಲೆ ಕೂತಿದ್ದ ಮುದುಕ, ಮನೆಯ ಮಾಲೀಕ, ಅವಳು ಒಳಗೆ ಬರಬಹುದೇ ಎಂದು ಕೇಳಿದಾಗ ತನ್ನನ್ನೇ ಕೇಳಿದ್ದೆಂದು ನಂಬದೆ ಹಿಂದೆ ತಿರುಗಿ ನೋಡಿದ.

ಎರಡು ಕೋಣೆ, ಒಂದು ಅಡುಗೆಮನೆ. ನೆಲದಲ್ಲಿ ಅಲ್ಲಲ್ಲಿ ಬಿರುಕು. ಅಕ್ಕ ಅದೊಂದನ್ನೂ ನೋಡಲಿಲ್ಲ. ಕಣ್ಣು ಮುಚ್ಚಿಕೊಂಡು, ಗೋಡೆಗೆ ಕೈಯೂರಿ, ಕೋಣೆಯಿಂದ ಕೋಣೆಗೆ ಮೂಸುತ್ತ ನಡೆದಳು. ಮುದುಕ ಅವಳ ಹಿಂದೆಯೇ ಬಂದು, ಅವಳು ಕೇಳುವ ಮೊದಲೇ ಬಾಡಿಗೆ ಹೇಳಿದ. ಅವಳು ಮೂಸುತ್ತಲೇ ಇದ್ದುದನ್ನು ಕಂಡು ತಾನಾಗಿಯೇ ಇಳಿಸಿದ. ಆಮೇಲೆ ಮನಸ್ಸು ತಡೆಯದೆ ಹೇಳಿದ.

"ನೋಡಿ ಅಮ್ಮ, ಮುಚ್ಚಿಟ್ಟು ಏನೂ ಪ್ರಯೋಜನ ಇಲ್ಲ. ಬೇಸಿಗೇಲಿ ಇದಕ್ಕಿಂತ ಜಾಸ್ತಿ ಇರುತ್ತೆ. ಆಮೇಲೆ ನನ್ನ ಬೈಕೋಬೇಡಿ."

"ಬೇಸಿಗೆ ಎಲ್ಲಿಲ್ಲ," ಎಂದಳು ಅಕ್ಕ, ಕಣ್ಣು ಬಿಡದೆ.

ಹಿಂಬದಿಯ ಕೋಣೆಯ ಕಿಟಕಿ ಮುಚ್ಚಿತ್ತು. ಅವಳು ಚಿಲಕ ತಡಕಿ ಎಳೆದಳು. ತುಕ್ಕು ಹಿಡಿದ ಚಿಲಕ ಬೇಗ ಬಗ್ಗಲಿಲ್ಲ. ಬೇಡ ಬೇಡ ಎನ್ನುತ್ತ ಮುದುಕ ಮುಂದೆ ಬರುವಷ್ಟರಲ್ಲಿ ಕಿಟಕಿಯ ಎರಡೂ ಬಾಗಿಲು ತೆರೆದುಕೊಂಡವು. ಗಾಳಿ ಮುಖಕ್ಕೆ ಬಡಿಯಿತು. ನೆನೆದ ಮಣ್ಣಿನದೋ, ತೊಳೆದ ಧಾನ್ಯದ್ದೋ ಹೇಳಲಾಗದ ಒಂದು ಮೆಲುವಾಸನೆ, ಸ್ವಲ್ಪ ಸಿಹಿ. ಅಕ್ಕ ಎದೆ ತುಂಬ ಎಳೆದುಕೊಂಡಳು. ಇಲ್ಲಿ ಬೆಳಿಗ್ಗೆ ಏಳುವುದನ್ನು, ಈ ಗಾಳಿಯಲ್ಲೇ ನಡೆದು ಕಾರ್ಖಾನೆಗೆ ಹೋಗುವುದನ್ನು, ಸೋಮವಾರದ ಗಟ್ಟಿಯನ್ನು ತಿಳಿಯಾದ ಮೂಗಿಗೆ ಹಿಡಿದು "ಸರಿ" ಅನ್ನುವುದನ್ನು ನೆನೆದು ಅವಳಿಗೆ ನಗು ಬಂತು.

ಮುಂಬಾಗಿಲಲ್ಲಿ ತಂಗಿಯ ಧ್ವನಿ ಕೇಳಿತು. ಬಟ್ಟೆಯೊಳಗಿಂದ ಬಂದ ಧ್ವನಿ. ಅವಳು ಗಲ್ಲಿ ಗಲ್ಲಿ ಹುಡುಕಿಕೊಂಡು ಬಂದಿದ್ದಳು. ದಲ್ಲಾಳಿ ಗಲ್ಲಿಯ ಬಾಯಿಯಲ್ಲೇ ಅಂಗಿ ಎತ್ತಿ ಮೂಗಿಗೆ ಹಿಡಿದು, ಮುಂದೆ ಒಂದು ಹೆಜ್ಜೆಯನ್ನೂ ಇಡಲಾರೆ ಎಂದು ನಿಂತುಬಿಟ್ಟಿದ್ದ.

"ಅಕ್ಕ, ಹೊರಗೆ ಬಾ."

"ಈ ಮನೆ ಸರಿ," ಎಂದಳು ಅಕ್ಕ.

ಜ್ವರ ಬಿಟ್ಟ ಮೇಲೆ ಮೊದಲ ಸಲ ಆ ಮಾತು ಅವಳ ಬಾಯಿಂದ ಬಂದಿತ್ತು. ತಂಗಿ ಕೋಣೆಯೊಳಗೆ ಬಂದು ಅಕ್ಕನ ಪಕ್ಕ ನಿಂತಳು. ಮುಚ್ಚಿದ ಕಣ್ಣು, ತೆರೆದ ಕಿಟಕಿ, ತುಂಬುತ್ತಿಳಿಯುವ ಎದೆ, ಇಷ್ಟನ್ನೂ ನೋಡಿದಳು. ತಂಗಿಗೆ ಎರಡು ಸಲ ವಾಂತಿ ಗಂಟಲಿಗೆ ಬಂದು ಹೋಯಿತು.

"ಕಣ್ಣು ಬಿಟ್ಟು ನೋಡು," ಎಂದಳು.

ಅಕ್ಕ ಕಣ್ಣು ಬಿಟ್ಟಳು. ಕಿಟಕಿಯ ನೇರ ಕೆಳಗೆ ಮೋರಿ ಹರಿಯುತ್ತಿತ್ತು. ಕಪ್ಪು ನೀರು, ನೀರೆಂದು ಕರೆಯಲು ಬಾರದಷ್ಟು ಮಂದ, ಮೇಲೆ ಬೂದು ನೊರೆ, ನೊರೆಯಲ್ಲಿ ಸಿಕ್ಕಿಕೊಂಡು ಉಬ್ಬಿದ ಏನೋ ಒಂದು, ಅದರ ಮೇಲೆ ನೊಣ. ದಡದುದ್ದಕ್ಕೂ ಊರಿನ ಬಚ್ಚಲು, ಪಾಯಖಾನೆಗಳ ಕೊಳವೆಗಳು ಬಂದು ಅದರೊಳಕ್ಕೆ ಕಕ್ಕುತ್ತಿದ್ದವು. ಅದರಾಚೆ ಒಂದು ಸೇತುವೆ. ಸೇತುವೆಯ ಮೇಲೆ ವಾಹನಗಳ ಸಾಲಿನಲ್ಲಿ ಸಿಕ್ಕಿಬಿದ್ದ ಒಂದು ಬಸ್ಸು. ಅವಳದೇ ಬಸ್ಸು. ಪ್ರತಿ ಕಿಟಕಿಯಲ್ಲೂ ಒಂದು ಮುಖ, ಪ್ರತಿ ಮುಖದ ಮೇಲೆ ಒಂದು ಕೈ. ಕಂಡಕ್ಟರ್ ಟಿಕೆಟಿನ ಚೀಲವನ್ನೇ ಮೂಗಿಗೆ ಒತ್ತಿಕೊಂಡಿದ್ದ.

ಅಕ್ಕ ಬಹಳ ಹೊತ್ತು ಬಸ್ಸನ್ನೇ ನೋಡಿದಳು. ಆಮೇಲೆ ಕಣ್ಣು ಬಿಟ್ಟುಕೊಂಡೇ ಇನ್ನೊಂದು ಉಸಿರೆಳೆದಳು. ಅದೇ ನೆನೆದ ಮಣ್ಣು, ಅದೇ ಸಿಹಿ. ಅವಳ ಕೈ ಕಿಟಕಿಯ ಸರಳನ್ನು ಹಿಡಿದುಕೊಂಡಿತು.

"ಗಾಳಿ ಆ ಕಡೆ ಬೀಸ್ತಿದೆ, ಅದಕ್ಕೆ ನಂಗೆ..." ಎಂದು ಶುರು ಮಾಡಿದವಳು ಮುಗಿಸಲಿಲ್ಲ. ಗಾಳಿ ಅವಳ ಕೂದಲನ್ನು ಮುಖದಿಂದ ಹಿಂದಕ್ಕೆ ಹಾರಿಸುತ್ತಿತ್ತು.

"ಬೆಳಗ್ಗೆ ಆ ಮನೇಲಿ ಏನೂ ಸತ್ತಿರ್ಲಿಲ್ಲ ಅಕ್ಕ," ಎಂದಳು ತಂಗಿ. "ಕಾಫಿನೂ ಚೆನ್ನಾಗೇ ಇತ್ತು."

ಅಕ್ಕ ತಲೆಯಾಡಿಸಿದಳು. ಕರಗಿಸಿದ ಮೂರು ಪಾಕ ಅವಳ ಕಣ್ಣೆದುರು ಬಂದವು, ಕೆಲಸ ಕಳೆದುಕೊಂಡ ಕೊಬ್ಬಿನವನು ಬಂದ, ಬಿಳಿಯ ಹೂ ಕೊಟ್ಟ ಹೆಂಗಸಿನ ಕೆಂಪಾದ ಕಿವಿ ಬಂತು. ಇಷ್ಟು ದಿನ ಊರಿನ ಮೇಲೆ, ಮನೆಗಳ ಮೇಲೆ, ತಿನ್ನುವ ಅನ್ನದ ಮೇಲೆ ಇದ್ದ ಹೇಸಿಗೆಯೆಲ್ಲ ಈಗ ನಿಲ್ಲಲು ಬೇರೆ ಜಾಗವಿಲ್ಲದೆ ಮುಖದ ನಡುವಿನ ಆ ಒಂದು ಅಂಗುಲದ ಮೇಲೆ ಬಂದು ಕೂತಿತು. ಕಿತ್ತು ಮೋರಿಗೆ ಎಸೆಯುವಂತಿದ್ದರೆ ಎಸೆದುಬಿಡುತ್ತಿದ್ದಳು.

"ಸೋಮವಾರ ಮ್ಯಾನೇಜರ್ ಹತ್ರ ನಾನೇ ಹೇಳ್ತೀನಿ," ಎಂದಳು. "ಬೇರೆಯವರನ್ನ ಕರೆಸ್ಲಿ."

ತಂಗಿ ಏನೋ ಹೇಳಲು ಹೊರಟಳು. ಅಷ್ಟರಲ್ಲಿ ಅಕ್ಕ ತೋಳನ್ನು ಮೇಲಕ್ಕೆ ಸರಿಸಿ, ಮೊಣಕೈಯ ಒಳಮಡಿಕೆಯನ್ನು ತಂಗಿಯ ಮುಂದೆ ಹಿಡಿದಳು. ಉಜ್ಜಿ ಉಜ್ಜಿ ಅಲ್ಲಿನ ಚರ್ಮ ಸುಲಿದು ಕೆಂಪಾಗಿತ್ತು.

"ಇದನ್ನ ಮೂಸಿ ನೋಡಿ ಹೇಳು. ನನ್ನ ಮನಸ್ಸಿಗೆ ನೋವಾಗುತ್ತೆ ಅಂತ ಸುಳ್ಳು ಹೇಳ್ಬೇಡ."

ತಂಗಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಕುದಿಸಿದ ಬಟ್ಟೆಗಳು, ಹಗಲೆಲ್ಲ ಸುರಿಯುತ್ತಿದ್ದ ಬಚ್ಚಲಿನ ನಲ್ಲಿ, ಊಟದ ಮೇಜಿನ ತೀರ ತುದಿಗೆ ಸರಿದ ಅಕ್ಕನ ಕುರ್ಚಿ, ಎಲ್ಲವೂ ಒಟ್ಟಿಗೆ ಅರ್ಥವಾದವು. ಅವಳು ಮುಖದ ಮೇಲಿನ ಕರವಸ್ತ್ರ ತೆಗೆದಳು. ಮೋರಿಯ ನಾತ ಮುಖಕ್ಕೆ ರಾಚಿ ಕಣ್ಣಲ್ಲಿ ನೀರು ಬಂತು. ಬಗ್ಗಿ, ಅಕ್ಕನ ತೋಳನ್ನು ಎರಡೂ ಕೈಯಲ್ಲಿ ಹಿಡಿದು, ಆ ಮಡಿಕೆಗೆ ಮೂಗು ತಾಗಿಸಿ ಉಸಿರೆಳೆದಳು. ಬೇಗ ಮುಖ ಎತ್ತಲಿಲ್ಲ.

"ಸೋಪು," ಎಂದಳು. "ಬೆಳಗ್ಗೆ ಹಾಕ್ಕೊಂಡ್ಯಲ್ಲ, ಅದು. ಇನ್ನೇನೂ ಇಲ್ಲ."

ಅಕ್ಕ ಕಿಟಕಿಯ ಕಟ್ಟೆಯ ಮೇಲೆ ಕೂತಳು. ಬಾಗಿಲಲ್ಲಿ ನಿಂತಿದ್ದ ಮುದುಕ, ಇದೂ ಕೈತಪ್ಪಿದ ಗಿರಾಕಿಯೇ ಎಂದುಕೊಂಡು, ಕಿಟಕಿ ಮುಚ್ಚಲೇ ಎಂದು ಕೇಳಿದ.

"ಸ್ವಲ್ಪ ಹೊತ್ತು ಇರ್ಲಿ," ಎಂದಳು ಅಕ್ಕ.

ತಂಗಿಯೂ ಪಕ್ಕದಲ್ಲಿ ಕೂತಳು. ಹೊರಗೆ ಬಸ್ಸು ಒಂದಿಷ್ಟು ಜರುಗಿ ಮತ್ತೆ ನಿಂತಿತು. ಅಕ್ಕ ಗಾಳಿಗೆ ಮುಖವೊಡ್ಡಿ ನಿಧಾನವಾಗಿ ಉಸಿರಾಡುತ್ತಿದ್ದಳು. ಕರವಸ್ತ್ರ ತಂಗಿಯ ಮಡಿಲಲ್ಲಿತ್ತು. ಅವಳು ಅದನ್ನು ನಾಲ್ಕಾಗಿ ಮಡಿಸಿ, ಚೀಲದೊಳಗೆ ಹಾಕಿ, ಚೀಲದ ಬಾಯಿ ಮುಚ್ಚಿದಳು.